ಹಣವಿದ್ದರೂ ಕೊಳ್ಳಲಾಗದ ವಿಮಾನ

(ಕರಾವಳಿಯ ಕಾಲೇಜೊಂದರ ಇತಿಹಾಸ ವಿಭಾಗದಲ್ಲಿ ನಮ್ಮ ವರದಿಗಾರರು ನೀಡಿದ ಉಪನ್ಯಾಸದ ಪಠ್ಯ)



2021ರ ಡಿಸೆಂಬರ್ ತಿಂಗಳ ಮೊದಲ ಎರಡು ವಾರಗಳಲ್ಲಿ ಒಂದೇ ದೇಶದಿಂದ ಎರಡು ಸುದ್ದಿಗಳು ಬಂದವು. ಡಿಸೆಂಬರ್ 3ರಂದು ಸಂಯುಕ್ತ ಅರಬ್ ಎಮಿರೇಟ್ಸ್ ಫ್ರಾನ್ಸಿನಿಂದ 80 ರಫೇಲ್ ಯುದ್ಧವಿಮಾನಗಳನ್ನು ಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿತು. ವಿಮಾನಗಳ ಬೆಲೆಯೇ ಸುಮಾರು 1,400 ಕೋಟಿ ಯೂರೊ. ಹೊರದೇಶವೊಂದರಿಂದ ರಫೇಲ್ ವಿಮಾನಕ್ಕೆ ಅಷ್ಟು ದೊಡ್ಡ ಬೇಡಿಕೆ ಅದುವರೆಗೆ ಬಂದಿರಲಿಲ್ಲ. ಅದಾದ ಹನ್ನೊಂದು ದಿನಕ್ಕೆ ಅದೇ ದೇಶ, ಅಮೆರಿಕದ ಎಫ್-35 ವಿಮಾನಗಳ ಖರೀದಿ ಮಾತುಕತೆಯನ್ನು ನಿಲ್ಲಿಸುತ್ತಿರುವುದಾಗಿ ತಿಳಿಸಿತು.

ಎಫ್-35 ಎಂಬುದು ರಾಡಾರ್ ಕಣ್ಣಿಗೆ ಸುಲಭವಾಗಿ ಬೀಳದ, ಅಮೆರಿಕ ತನ್ನ ಆಪ್ತ ದೇಶಗಳಿಗೆ ಮಾತ್ರ ಮಾರುವ ವಿಮಾನ. ಅದನ್ನು ಪಡೆಯಬೇಕೆಂದು ಎಮಿರೇಟ್ಸ್ ಹಲವು ವರ್ಷ ಪ್ರಯತ್ನಿಸಿತ್ತು. ಕೊನೆಗೆ ಅಮೆರಿಕ ಒಪ್ಪಿಯೂ ಇತ್ತು. ಹಣಕ್ಕೆ ಕೊರತೆ ಇರಲಿಲ್ಲ. ಹಾಗಿದ್ದರೂ ಬಯಸಿ ಪಡೆದದ್ದನ್ನು ಕೈಚಾಚಿ ತೆಗೆದುಕೊಳ್ಳದೆ ಹಿಂದೆ ಸರಿದದ್ದೇಕೆ?

ನಮ್ಮ ಜಿಲ್ಲೆಗಳಲ್ಲಿ ಅಬುಧಾಬಿ, ದುಬೈ, ಶಾರ್ಜಾಗಳು ಅಪರಿಚಿತ ಹೆಸರುಗಳಲ್ಲ. ಮನೆಗೊಬ್ಬರಲ್ಲದಿದ್ದರೆ ಬೀದಿಗೊಬ್ಬರಾದರೂ ಅಲ್ಲಿ ದುಡಿಯುತ್ತಿದ್ದಾರೆ. ಆ ದೇಶದ ಸಂಬಳ, ವೀಸಾ, ಚಿನ್ನದ ದರಗಳ ಬಗ್ಗೆ ನಮಗೆ ಗೊತ್ತಿರುವಷ್ಟು ಅದರ ಭದ್ರತೆಯ ಬಗ್ಗೆ ಗೊತ್ತಿಲ್ಲ. ಆದರೆ ಅಲ್ಲಿನ ಆಕಾಶವನ್ನು ಯಾರು ಕಾಯುತ್ತಾರೆ ಎಂಬ ಪ್ರಶ್ನೆಗೂ ನಮ್ಮ ಮನೆಗಳಿಗೂ ಸಂಬಂಧವಿದೆ. ಆದ್ದರಿಂದ ಈ ಎರಡು ಸುದ್ದಿಗಳ ಹಿಂದಿನ ಇತಿಹಾಸವನ್ನು ಸ್ವಲ್ಪ ಬಿಡಿಸಿ ನೋಡೋಣ.

ಒಬ್ಬನೇ ಕಾವಲುಗಾರನ ಕಾಲ

ಇಂದಿನ ಎಮಿರೇಟ್ಸ್ ಇರುವ ಕರಾವಳಿಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಇದ್ದವರು ಸಣ್ಣ ಸಣ್ಣ ಪಾಳೆಯಗಳ ಶೇಖರು. ಮುತ್ತು, ಮೀನು, ಖರ್ಜೂರ, ಹಾಯಿಹಡಗಿನ ವ್ಯಾಪಾರ ಇವರ ಜೀವನಾಧಾರ. ಭಾರತಕ್ಕೆ ಹೋಗಿಬರುವ ಸಮುದ್ರಮಾರ್ಗ ಸುರಕ್ಷಿತವಾಗಿರಬೇಕೆಂದು ಬ್ರಿಟಿಷರು 1820ರಿಂದ ಇವರೊಂದಿಗೆ ಒಂದರ ಹಿಂದೊಂದು ಒಡಂಬಡಿಕೆ ಮಾಡಿಕೊಂಡರು. ಇವುಗಳಲ್ಲಿ 1892ರ ಒಡಂಬಡಿಕೆ ಬಹಳ ಮುಖ್ಯವಾದದ್ದು. ಬ್ರಿಟನ್ನನ್ನು ಬಿಟ್ಟು ಬೇರೆ ಯಾವ ಶಕ್ತಿಯೊಂದಿಗೂ ಒಪ್ಪಂದ ಮಾಡಿಕೊಳ್ಳುವುದಿಲ್ಲ, ಬೇರೆ ಯಾರಿಗೂ ನೆಲ ಬಿಟ್ಟುಕೊಡುವುದಿಲ್ಲ ಎಂದು ಶೇಖರು ಅದರಲ್ಲಿ ಮಾತು ಕೊಟ್ಟರು. ಪ್ರತಿಯಾಗಿ ಹೊರಗಿನವರ ದಾಳಿಯಿಂದ ಅವರನ್ನು ಕಾಯುವ ಹೊಣೆ ಬ್ರಿಟನ್ನಿನದಾಯಿತು.

ಈ ಆಡಳಿತ ಬಹುಕಾಲ ನಡೆದದ್ದು ಭಾರತದ ಮೂಲಕ. ಅಲ್ಲಿ ಚಲಾವಣೆಯಲ್ಲಿದ್ದದ್ದು ನಮ್ಮ ರೂಪಾಯಿ. 1959ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಕೊಲ್ಲಿ ಪ್ರದೇಶಕ್ಕೆಂದೇ ಪ್ರತ್ಯೇಕ ರೂಪಾಯಿ ನೋಟು ಹೊರಡಿಸಿತು. 1966ರಲ್ಲಿ ರೂಪಾಯಿಯ ಅಪಮೌಲ್ಯವಾದ ಮೇಲೆ ಅವರು ಅದನ್ನು ಕೈಬಿಟ್ಟರು.

ಅಬುಧಾಬಿಯಲ್ಲಿ 1958ರಲ್ಲಿ ತೈಲ ಸಿಕ್ಕಿತು. 1962ರಲ್ಲಿ ರಫ್ತು ಆರಂಭವಾಯಿತು. ಬಡ ಮೀನುಗಾರರ ಊರು ಶ್ರೀಮಂತವಾಗತೊಡಗಿದ ಹೊತ್ತಿಗೇ ಕಾವಲುಗಾರ ಹೊರಟುನಿಂತ. ಸೂಯೆಜ್ ಕಾಲುವೆಯ ಪೂರ್ವಕ್ಕಿರುವ ತನ್ನ ಸೇನೆಯನ್ನು 1971ರ ಕೊನೆಯೊಳಗೆ ಹಿಂದಕ್ಕೆ ಕರೆಸಿಕೊಳ್ಳುವುದಾಗಿ ಬ್ರಿಟನ್ 1968ರ ಜನವರಿಯಲ್ಲಿ ಸಾರಿತು. ಕಾರಣ, ಖರ್ಚು. ಅಬುಧಾಬಿಯ ದೊರೆ ಶೇಖ್ ಜಾಯೆದ್ ಮತ್ತಿತರರು, ಆ ಖರ್ಚನ್ನು ನಾವೇ ಭರಿಸುತ್ತೇವೆ, ಹೋಗಬೇಡಿ ಎಂದರು. ಬ್ರಿಟನ್ ಒಪ್ಪಲಿಲ್ಲ.

ಹಣ ಕೊಡುತ್ತೇವೆಂದರೂ ರಕ್ಷಕ ನಿಲ್ಲಲಿಲ್ಲ ಎಂಬ ಈ ಸಂಗತಿ ಮುಂದಿನ ಐವತ್ತು ವರ್ಷಗಳ ಕಥೆಗೆ ಬೀಗದ ಕೈ ಇದ್ದಂತೆ. ಪಾಠ ಅಷ್ಟಕ್ಕೇ ಮುಗಿಯಲಿಲ್ಲ. 1971ರ ನವೆಂಬರ್ 30ರಂದು ಇರಾನಿನ ಶಾ ಅವರ ಸೇನೆ ಕೊಲ್ಲಿಯ ಬಾಯಿಯಲ್ಲಿರುವ ಅಬು ಮೂಸಾ ಮತ್ತು ಎರಡು ತುಂಬ್ ದ್ವೀಪಗಳಲ್ಲಿ ಇಳಿಯಿತು. ಬ್ರಿಟಿಷರ ರಕ್ಷಣೆಯ ಒಪ್ಪಂದ ಕೊನೆಗೊಳ್ಳುವ ಮುನ್ನಾದಿನವದು. ಬ್ರಿಟನ್ ತಡೆಯಲಿಲ್ಲ. ಎರಡು ದಿನಗಳ ನಂತರ, ಡಿಸೆಂಬರ್ 2ರಂದು, ಸಂಯುಕ್ತ ಅರಬ್ ಎಮಿರೇಟ್ಸ್ ಹುಟ್ಟಿತು. ಹುಟ್ಟುವಾಗಲೇ ಮೂರು ದ್ವೀಪಗಳನ್ನು ಕಳೆದುಕೊಂಡಿದ್ದ ಆ ದೇಶ ಅವುಗಳ ಮೇಲಿನ ಹಕ್ಕೊತ್ತಾಯವನ್ನು ಎಂದೂ ಬಿಟ್ಟಿಲ್ಲ.

ಕೊಳ್ಳುವುದಲ್ಲ, ಸಂಬಂಧ ಬೆಳೆಸುವುದು

ಮುಂದೆ ಹೋಗುವ ಮುನ್ನ ಯುದ್ಧವಿಮಾನ ಕೊಳ್ಳುವುದೆಂದರೇನು ಎಂದು ತಿಳಿಯಬೇಕು. ನಾವು ಒಂದು ಕಾರು ಕೊಂಡರೆ ಅದು ನಮ್ಮದು. ಬೇಕಾದ ಕಡೆ ಓಡಿಸಬಹುದು, ಬೇಡವೆಂದರೆ ಮಾರಬಹುದು, ಪರಿಚಿತ ಮೆಕ್ಯಾನಿಕ್ ಹತ್ತಿರ ರಿಪೇರಿ ಮಾಡಿಸಬಹುದು. ಯುದ್ಧವಿಮಾನ ಹಾಗಲ್ಲ. ಅದು ಮೂವತ್ತು, ನಲವತ್ತು ವರ್ಷ ಬಳಕೆಯಲ್ಲಿರುತ್ತದೆ. ಅಷ್ಟೂ ಕಾಲ ಬಿಡಿಭಾಗ, ಎಂಜಿನ್ ದುರಸ್ತಿ, ಕ್ಷಿಪಣಿ, ತರಬೇತಿ ಎಲ್ಲದಕ್ಕೂ ಮಾರಿದವರ ಮುಖ ನೋಡಬೇಕು. ಮಾರಿದವರ ಒಪ್ಪಿಗೆ ಇಲ್ಲದೆ ಮೂರನೆಯವರಿಗೆ ಕೊಡುವಂತಿಲ್ಲ. ಹೊಸ ಆಯುಧ ಜೋಡಿಸಬೇಕಾದರೆ ವಿಮಾನದ ಗಣಕ ವ್ಯವಸ್ಥೆಯನ್ನು ತಿದ್ದಬೇಕು, ಅದರ ಗುಟ್ಟು ಮಾರಿದವರ ಹತ್ತಿರವೇ ಇರುತ್ತದೆ. ಹೀಗಾಗಿ ಇದು ವಸ್ತುವನ್ನು ಕೊಂಡಂತಲ್ಲ, ಮನೆತನದೊಂದಿಗೆ ಸಂಬಂಧ ಬೆಳೆಸಿದಂತೆ.

ಸಂಬಂಧ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆಗಳು ಕೊಲ್ಲಿಯ ಸುತ್ತಮುತ್ತಲೇ ಇವೆ. ಇರಾನಿನ ಶಾ ತೈಲದ ಹಣದಿಂದ ಅಮೆರಿಕದ ಎಫ್-14 ವಿಮಾನಗಳನ್ನು ಕೊಂಡರು. 80ಕ್ಕೆ ಹೇಳಿದ್ದರಲ್ಲಿ 79 ಬಂದಿದ್ದವು. 1979ರಲ್ಲಿ ಕ್ರಾಂತಿಯಾಯಿತು, ಬಿಡಿಭಾಗ ನಿಂತಿತು. ಒಂದು ವಿಮಾನ ಹಾರಬೇಕಾದರೆ ಇನ್ನೊಂದನ್ನು ಬಿಚ್ಚಿ ಭಾಗ ತೆಗೆಯುವ ಸ್ಥಿತಿ ಬಂತು.

ಪಾಕಿಸ್ತಾನ 28 ಎಫ್-16 ವಿಮಾನಗಳಿಗಾಗಿ ಸುಮಾರು 65 ಕೋಟಿ ಡಾಲರ್ ಕಟ್ಟಿತ್ತು. ಅಣ್ವಸ್ತ್ರ ಕಾರ್ಯಕ್ರಮದ ಕಾರಣಕ್ಕೆ 1990ರಲ್ಲಿ ಅಮೆರಿಕದ ಕಾನೂನು ಅಡ್ಡಬಂತು. ವಿಮಾನಗಳು ತಯಾರಾದವು, ಆದರೆ ಅರಿಜೋನಾದ ಮರುಭೂಮಿಯಲ್ಲಿ ನಿಂತವು. ಆ ಹಣದ ವಿವಾದ ಇತ್ಯರ್ಥವಾದದ್ದು 1998ರ ಕೊನೆಗೆ. ಎಫ್-35 ಯೋಜನೆಯಲ್ಲಿ ಹಣ ಹೂಡಿ ಪಾಲುದಾರನಾಗಿದ್ದ ಟರ್ಕಿ, ರಷ್ಯಾದ ಎಸ್-400 ಕ್ಷಿಪಣಿ ವ್ಯವಸ್ಥೆಯನ್ನು ತರಿಸಿಕೊಂಡ ಕಾರಣಕ್ಕೆ 2019ರ ಜುಲೈನಲ್ಲಿ ಯೋಜನೆಯಿಂದಲೇ ಹೊರಬಿತ್ತು.

ನಮ್ಮ ಬೆಂಗಳೂರಿಗೂ ಈ ಅನುಭವ ಇದೆ. ಇಂದು ತೇಜಸ್ ಎಂದು ಕರೆಯುವ ಹಗುರ ಯುದ್ಧವಿಮಾನದ ಹಾರಾಟ ನಿಯಂತ್ರಣ ವ್ಯವಸ್ಥೆಗಾಗಿ ನಮ್ಮ ಎಂಜಿನಿಯರುಗಳು ಅಮೆರಿಕದಲ್ಲಿ ಲಾಕ್‌ಹೀಡ್ ಮಾರ್ಟಿನ್ ಕಂಪನಿಯೊಂದಿಗೆ ಕೆಲಸ ಮಾಡುತ್ತಿದ್ದರು. 1998ರ ಮೇ ತಿಂಗಳಲ್ಲಿ ಪೋಖ್ರಾನ್ ಪರೀಕ್ಷೆ ನಡೆಯಿತು. ಅಮೆರಿಕ ದಿಗ್ಬಂಧನ ಹೇರಿತು, ನಮ್ಮವರು ಕೆಲಸ ಅರ್ಧಕ್ಕೆ ಬಿಟ್ಟು ಮರಳಬೇಕಾಯಿತು. ಉಳಿದದ್ದನ್ನು ಇಲ್ಲಿಯೇ ಮಾಡಿ ಮುಗಿಸಿ, 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಆ ವಿಮಾನವನ್ನು ಮೊದಲ ಬಾರಿಗೆ ಹಾರಿಸಿದರು.

ಒಂದೇ ವರ್ಷ ಎರಡು ಅಂಗಡಿ

ಈ ಹಿನ್ನೆಲೆಯಲ್ಲಿ ಎಮಿರೇಟ್ಸಿನ ಖರೀದಿಗಳನ್ನು ನೋಡಿದರೆ ಒಂದು ಕ್ರಮ ಕಾಣುತ್ತದೆ. ಮೊದಲು ಅಬುಧಾಬಿಯ ಬಳಿ ಇದ್ದದ್ದು ಬ್ರಿಟನ್ನಿನ ಹಂಟರ್ ವಿಮಾನಗಳು. ಎಪ್ಪತ್ತರ ದಶಕದಲ್ಲಿ ಫ್ರಾನ್ಸಿನ ಮಿರಾಜ್-5 ಬಂದವು. ಹಾರಿಸಲು ಸ್ವಂತ ಪೈಲಟ್‌ಗಳು ಸಾಲದ್ದರಿಂದ ಪಾಕಿಸ್ತಾನದ ಪೈಲಟ್‌ಗಳ ನೆರವು ಪಡೆಯಲಾಯಿತು. ಎಂಬತ್ತರ ದಶಕದಲ್ಲಿ 36 ಮಿರಾಜ್-2000 ವಿಮಾನಗಳಿಗೆ ಬೇಡಿಕೆ ಹೋಯಿತು.

ಫ್ರಾನ್ಸೇ ಏಕೆ? ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳ ಶೀತಲ ಸಮರದ ಕಾಲವದು. ಅಮೆರಿಕದಿಂದ ಕೊಳ್ಳುವುದೆಂದರೆ ಇಸ್ರೇಲಿನ ರಕ್ಷಕನಿಂದ ಕೊಂಡಂತೆ. ಸೋವಿಯತ್ ಒಕ್ಕೂಟದಿಂದ ಕೊಳ್ಳುವುದು ರಾಜಮನೆತನಗಳಿಗೆ ಹಿಡಿಸದ ಮಾತು. ಫ್ರಾನ್ಸ್ ಪಶ್ಚಿಮದ ಗುಂಪಿನಲ್ಲಿದ್ದೂ ಅಮೆರಿಕ ಹೇಳಿದಂತೆ ಕೇಳುವ ದೇಶವಾಗಿರಲಿಲ್ಲ. ವಿಮಾನವೂ ಒಳ್ಳೆಯದು, ಷರತ್ತೂ ಕಡಿಮೆ. ನಮ್ಮ ಸರ್ಕಾರವೂ ಎಂಬತ್ತರ ದಶಕದಲ್ಲಿ ಸೋವಿಯತ್ ವಿಮಾನಗಳ ಜೊತೆಗೆ ಅದೇ ಮಿರಾಜ್-2000 ವಿಮಾನವನ್ನು ಆರಿಸಿಕೊಂಡಿತು.

1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ನುಂಗಿದಾಗ ಲೆಕ್ಕ ಬದಲಾಯಿತು. ಕುವೈತ್ ಕೂಡ ಶ್ರೀಮಂತ, ಅದರ ಬಳಿಯೂ ಯುದ್ಧವಿಮಾನಗಳಿದ್ದವು. ಆದರೂ ಒಂದೆರಡು ದಿನಗಳಲ್ಲಿ ದೇಶ ಕೈತಪ್ಪಿತು. ಬಿಡಿಸಿಕೊಟ್ಟದ್ದು ಅಮೆರಿಕ ಮುಂದಾಳತ್ವದ ಸೇನೆ. ಸಣ್ಣ ದೇಶಕ್ಕೆ ವಿಮಾನಗಳಿಗಿಂತ, ಕಷ್ಟ ಬಂದಾಗ ಓಡಿಬರುವ ದೊಡ್ಡ ದೇಶ ಮುಖ್ಯ ಎಂದು ಕೊಲ್ಲಿಯ ದೊರೆಗಳಿಗೆ ಅರಿವಾಯಿತು. ಎಮಿರೇಟ್ಸ್ 1994ರಲ್ಲಿ ಅಮೆರಿಕದೊಂದಿಗೆ ರಕ್ಷಣಾ ಒಪ್ಪಂದ ಮಾಡಿಕೊಂಡಿತು. ಮರುವರ್ಷವೇ ಫ್ರಾನ್ಸಿನೊಂದಿಗೂ ಮಾಡಿಕೊಂಡಿತು. ಇಬ್ಬರಲ್ಲಿ ಒಬ್ಬರೇ ಸಾಲದೆಂಬುದು 1968ರ ಪಾಠ.

ಅದೇ ಲೆಕ್ಕ 1998ರಲ್ಲಿ ಇನ್ನಷ್ಟು ಸ್ಪಷ್ಟವಾಯಿತು. ಆ ವರ್ಷದ ಮೇ ತಿಂಗಳಲ್ಲಿ ಎಮಿರೇಟ್ಸ್ ಅಮೆರಿಕದ 80 ಎಫ್-16 ವಿಮಾನಗಳನ್ನು ಆರಿಸಿತು. ನವೆಂಬರ್‌ನಲ್ಲಿ ಫ್ರಾನ್ಸಿನಿಂದ 30 ಹೊಸ ಮಿರಾಜ್ 2000-9 ಕೊಳ್ಳಲು ಮತ್ತು ಹಳೆಯ 33 ಮಿರಾಜ್‌ಗಳನ್ನು ಅದೇ ಮಟ್ಟಕ್ಕೆ ಏರಿಸಲು ಒಪ್ಪಿತು. ಎರಡು ಬಗೆಯ ವಿಮಾನವೆಂದರೆ ಎರಡು ಬಗೆಯ ಬಿಡಿಭಾಗ, ಎರಡು ಬಗೆಯ ತರಬೇತಿ, ಎರಡು ಬಗೆಯ ಕ್ಷಿಪಣಿ. ಸೈನ್ಯದ ಲೆಕ್ಕದಲ್ಲಿ ಇದು ದುಂದು. ರಾಜಕೀಯದ ಲೆಕ್ಕದಲ್ಲಿ ಇದು ವಿಮೆಯ ಕಂತು.

ಎಫ್-16 ಒಪ್ಪಂದ ಸಹಿಯಾಗಲು 2000ದ ಮಾರ್ಚ್‌ವರೆಗೆ ಕಾಯಬೇಕಾಯಿತು. ತಡವಾದದ್ದಕ್ಕೆ ಒಂದು ಕಾರಣ ಗಣಕದ ಗುಟ್ಟು. ಯುದ್ಧವಿಮಾನ ತನ್ನ ಮೇಲೆ ಬೀಳುವ ರಾಡಾರ್ ಕಿರಣ ಯಾರದ್ದೆಂದು ಗುರುತಿಸಬೇಕಾದರೆ, ಯಾವ ದೇಶದ ಯಾವ ರಾಡಾರ್ ಹೇಗಿರುತ್ತದೆ ಎಂಬ ಪಟ್ಟಿ ಅದರ ಗಣಕದಲ್ಲಿರಬೇಕು. ಆ ಪಟ್ಟಿಯನ್ನು ಮಾರಿದವರು ಮಾತ್ರ ತಿದ್ದಬಹುದಾದರೆ, ಯಾರು ಶತ್ರು ಎಂದು ತೀರ್ಮಾನಿಸುವುದೂ ಅವರ ಕೈಯಲ್ಲಿ ಉಳಿಯುತ್ತದೆ. ಆದ್ದರಿಂದ ಮೂಲ ಸಂಕೇತಗಳೇ, ಅಂದರೆ ಸೋರ್ಸ್ ಕೋಡ್, ಬೇಕೆಂದು ಎಮಿರೇಟ್ಸ್ ಪಟ್ಟು ಹಿಡಿಯಿತು. ಅಮೆರಿಕ ಕೊಡಲಿಲ್ಲ. ಮೂಲ ಗುಟ್ಟು ಬಿಟ್ಟುಕೊಡದೆ, ಪಟ್ಟಿಗೆ ಬೇಕಾದ್ದನ್ನು ಎಮಿರೇಟ್ಸ್ ತಾನೇ ಸೇರಿಸಿಕೊಳ್ಳಬಹುದಾದ ಏರ್ಪಾಟು ಮಾಡಿ ರಾಜಿಯಾಯಿತು.

ಒಪ್ಪಂದದ ಮೊತ್ತ ಸುಮಾರು 640 ಕೋಟಿ ಡಾಲರ್. ವಿಮಾನದ ಈ ಹೊಸ ಮಾದರಿಯನ್ನು ರೂಪಿಸುವ ಖರ್ಚನ್ನೂ ಎಮಿರೇಟ್ಸೇ ಹೊತ್ತಿತು. ಫಲವಾಗಿ ಬಂದ ಎಫ್-16, ಅಂದು ಅಮೆರಿಕದ ವಾಯುಪಡೆಯ ಬಳಿಯೇ ಇದ್ದ ಎಫ್-16 ವಿಮಾನಗಳಿಗಿಂತ ಮುಂದಿನ ರಾಡಾರ್ ಹೊಂದಿತ್ತು. ಗಿರಾಕಿಯ ವಿಮಾನ ಅಂಗಡಿಯವನ ಸ್ವಂತದ್ದಕ್ಕಿಂತ ಚೆನ್ನಾಗಿದ್ದ ಅಪರೂಪದ ಪ್ರಸಂಗವಿದು. ಹಣಕ್ಕೆ ಇಷ್ಟು ಶಕ್ತಿ ಇದೆ. ಆದರೆ ಮೂಲ ಸಂಕೇತದ ಬಾಗಿಲ ಬಳಿ ಹಣವೂ ನಿಂತಿತು.

ಹದಿಮೂರು ವರ್ಷದ ಚೌಕಾಶಿ

ಮಿರಾಜ್‌ಗಳಿಗೆ ವಯಸ್ಸಾಗುತ್ತಿದ್ದಂತೆ, 2008ರಿಂದ, ಅವುಗಳ ಜಾಗಕ್ಕೆ ರಫೇಲ್ ತರುವ ಮಾತು ಆರಂಭವಾಯಿತು. ಫ್ರಾನ್ಸ್ ಆಗ ಈ ವಿಮಾನಕ್ಕೆ ಹೊರದೇಶದ ಒಬ್ಬ ಗಿರಾಕಿಯೂ ಸಿಗದೆ ಪರದಾಡುತ್ತಿತ್ತು. 2009ರ ಮೇನಲ್ಲಿ ಅಧ್ಯಕ್ಷ ಸರ್ಕೋಜಿ ಅಬುಧಾಬಿಯಲ್ಲಿ ಫ್ರಾನ್ಸಿನ ಸೇನಾ ನೆಲೆಯನ್ನು ಉದ್ಘಾಟಿಸಿದರು. ಇನ್ನೇನು ಸಹಿ ಬೀಳುತ್ತದೆ ಎಂದು ಎಲ್ಲರೂ ಭಾವಿಸಿದ್ದರು. 2011ರ ನವೆಂಬರ್‌ನಲ್ಲಿ, ದುಬೈ ವಿಮಾನ ಪ್ರದರ್ಶನದ ಹೊತ್ತಿಗೆ, ಫ್ರಾನ್ಸಿನ ಕಂಪನಿಯ ಷರತ್ತುಗಳು ಒಪ್ಪುವಂಥವಲ್ಲ ಎಂದು ಎಮಿರೇಟ್ಸ್ ಬಹಿರಂಗವಾಗಿಯೇ ಹೇಳಿತು. ಬ್ರಿಟನ್ ಮತ್ತಿತರ ಯುರೋಪಿನ ದೇಶಗಳ ಟೈಫೂನ್ ವಿಮಾನದ ದರವನ್ನೂ ಕೇಳಿತು. 2013ರ ಡಿಸೆಂಬರ್‌ನಲ್ಲಿ ಆ ಮಾತುಕತೆಯೂ ಮುರಿಯಿತು.

ಇದನ್ನೆಲ್ಲ ಬರೀ ಚಂಚಲತೆ ಎನ್ನಲಾಗದು. ಮಾರುವವರು ನಾಲ್ಕು ಮಂದಿ ಇದ್ದಾಗ, ಕೊಳ್ಳುವವನು ಯಾರಿಗೂ ಇಲ್ಲ ಎನ್ನದೆ ಎಲ್ಲರನ್ನೂ ಕಾಯಿಸಿದರೆ ಅವನ ಬೆಲೆ ಏರುತ್ತದೆ. ರಷ್ಯಾವನ್ನೂ ಎಮಿರೇಟ್ಸ್ ಬಿಡಲಿಲ್ಲ. 2000ದಲ್ಲಿ ರಷ್ಯಾದಿಂದ ಪ್ಯಾಂಟ್ಸಿರ್ ಎಂಬ ವಿಮಾನನಿರೋಧಕ ವ್ಯವಸ್ಥೆಗೆ ಬೇಡಿಕೆ ಕೊಟ್ಟು ಅದರ ಅಭಿವೃದ್ಧಿಗೂ ಹಣ ಒದಗಿಸಿತು. 2017ರಲ್ಲಿ ರಷ್ಯಾದ ಸುಖೋಯ್-35 ಕೊಳ್ಳುವ ಇಂಗಿತವನ್ನೂ ತೋರಿಸಿತು. ಆ ವಿಮಾನ ಬರಲಿಲ್ಲ. ಆದರೆ ಅಂಥ ಮಾತು ನಡೆಯುತ್ತಿದೆ ಎಂಬ ಸುದ್ದಿ ತಲುಪಬೇಕಾದವರಿಗೆ ತಲುಪಿತು.

ಎರಡು ದೋಣಿಯ ಪ್ರಯಾಣ

ಈಗ ಎಫ್-35 ವಿಷಯಕ್ಕೆ ಬರೋಣ. 2020ರ ಸೆಪ್ಟೆಂಬರ್ 15ರಂದು ಎಮಿರೇಟ್ಸ್ ಮತ್ತು ಬಹರೈನ್ ದೇಶಗಳು ಅಮೆರಿಕದ ಮಧ್ಯಸ್ಥಿಕೆಯಲ್ಲಿ ಇಸ್ರೇಲಿನೊಂದಿಗೆ ಸಂಬಂಧ ಬೆಳೆಸುವ ಒಪ್ಪಂದಕ್ಕೆ ಸಹಿ ಹಾಕಿದವು. ಅದುವರೆಗೆ ಎಫ್-35 ಎಮಿರೇಟ್ಸಿಗೆ ಸಿಗದಿರಲು ಮುಖ್ಯ ಕಾರಣ ಇಸ್ರೇಲ್. ನೆರೆಯ ದೇಶಗಳಿಗಿಂತ ಇಸ್ರೇಲಿನ ಸೇನೆ ಒಂದು ಕೈ ಮೇಲಿರಬೇಕೆಂಬುದು 2008ರಿಂದ ಅಮೆರಿಕದ ಕಾನೂನೇ ಆಗಿದೆ. ಈಗ ಆ ಅಡ್ಡಿ ಸಡಿಲವಾಯಿತು. ನವೆಂಬರ್‌ನಲ್ಲಿ 50 ಎಫ್-35 ವಿಮಾನ, 18 ಚಾಲಕರಹಿತ ವಿಮಾನ ಮತ್ತು ಶಸ್ತ್ರಾಸ್ತ್ರಗಳನ್ನು ಒಟ್ಟು 2,300 ಕೋಟಿ ಡಾಲರಿಗೆ ಮಾರುವ ಪ್ರಸ್ತಾವವನ್ನು ಟ್ರಂಪ್ ಸರ್ಕಾರ ತನ್ನ ಸಂಸತ್ತಿನ ಮುಂದಿಟ್ಟಿತು. 2021ರ ಜನವರಿ 20ರಂದು, ಹೊಸ ಅಧ್ಯಕ್ಷ ಬೈಡನ್ ಪ್ರಮಾಣವಚನ ಸ್ವೀಕರಿಸುವುದಕ್ಕೆ ಸ್ವಲ್ಪ ಹೊತ್ತು ಮುಂಚೆ, ಎಮಿರೇಟ್ಸ್ ಸಹಿ ಹಾಕಿತು.

ಆದರೆ ಅಷ್ಟರಲ್ಲಿ ಇನ್ನೊಬ್ಬ ದೊಡ್ಡವರು ಕೊಲ್ಲಿಗೆ ಬಂದಿದ್ದರು. ಎಮಿರೇಟ್ಸಿನ ವ್ಯಾಪಾರದಲ್ಲಿ ಚೀನಾ ಮೊದಲ ಸಾಲಿನ ದೇಶ. ಅಮೆರಿಕ ತನ್ನ ಚಾಲಕರಹಿತ ಯುದ್ಧವಿಮಾನಗಳನ್ನು ಮಾರಲು ಹಿಂಜರಿಯುತ್ತಿದ್ದ ಕಾಲದಲ್ಲಿ ಎಮಿರೇಟ್ಸ್ ಅಂಥವನ್ನು ಚೀನಾದಿಂದ ಕೊಂಡಿತ್ತು. ಮೊಬೈಲ್ ದೂರವಾಣಿಯ ಐದನೆಯ ಪೀಳಿಗೆಯ ಜಾಲಕ್ಕೆ ಚೀನಾದ ಹುವಾವೆ ಕಂಪನಿಯ ಉಪಕರಣಗಳು ಬಂದಿದ್ದವು. ಅಬುಧಾಬಿಯ ಖಲೀಫಾ ಬಂದರಿನಲ್ಲಿ ಚೀನಾದ ಕಂಪನಿ ಟರ್ಮಿನಲ್ ನಡೆಸುತ್ತಿತ್ತು. ಅಲ್ಲಿ ಸೇನೆಗೆ ಸಂಬಂಧಿಸಿದ ಕಟ್ಟಡವೊಂದು ಏಳುತ್ತಿದೆ ಎಂದು ಅಮೆರಿಕ ಆಕ್ಷೇಪಿಸಿ, ಕೆಲಸ ನಿಂತಿತೆಂದು 2021ರ ನವೆಂಬರ್‌ನಲ್ಲಿ ವರದಿಯಾಯಿತು.

ಅಮೆರಿಕದ ಭಯ ಇಷ್ಟೇ: ಎಫ್-35 ಬರಿಯ ವಿಮಾನವಲ್ಲ, ಹಾರುವ ಗಣಕ. ತಾನು ಕಂಡದ್ದನ್ನೆಲ್ಲ ಸಂಗ್ರಹಿಸಿ ಹಂಚುತ್ತದೆ. ಅದು ನೆಲಕ್ಕಿಳಿಯುವ ಊರಿನಲ್ಲಿ ಚೀನಾದ ದೂರಸಂಪರ್ಕ ಉಪಕರಣಗಳಿದ್ದರೆ ಅದರ ಗುಟ್ಟು ಸೋರಬಹುದು. ಆದ್ದರಿಂದ ಚೀನಾದಿಂದ ದೂರವಿರಬೇಕು, ವಿಮಾನವನ್ನು ಎಲ್ಲಿ, ಹೇಗೆ ಬಳಸಬೇಕೆಂಬುದಕ್ಕೆ ಕಟ್ಟುಪಾಡು ಇರಬೇಕು ಎಂದಿತು. ಎಮಿರೇಟ್ಸಿನ ಉತ್ತರವನ್ನು ಆರಂಭದಲ್ಲೇ ಹೇಳಿದೆ. ತಾಂತ್ರಿಕ ಷರತ್ತುಗಳು, ಬಳಕೆಯ ಮೇಲಿನ ಸಾರ್ವಭೌಮತ್ವದ ನಿರ್ಬಂಧಗಳು ಮತ್ತು ಖರ್ಚು-ಲಾಭದ ಲೆಕ್ಕದಿಂದಾಗಿ ಮರುಪರಿಶೀಲನೆ ಮಾಡುತ್ತೇವೆ ಎಂದಿತು.

ಹಿಂದೆ ಮಿರಾಜ್ ಮತ್ತು ಎಫ್-16 ಎರಡನ್ನೂ ಇಟ್ಟುಕೊಂಡಾಗ ಯಾರೂ ಬೇಡವೆನ್ನಲಿಲ್ಲ, ಮಾರುವವರಿಬ್ಬರೂ ಒಂದೇ ಕಡೆಯವರು. ಈಗ ಎದುರಿರುವ ಇಬ್ಬರು ಪರಸ್ಪರ ಪ್ರತಿಸ್ಪರ್ಧಿಗಳು. ಎರಡು ದೋಣಿಗಳು ಹತ್ತಿರ ಹತ್ತಿರ ತೇಲುವಾಗ ಎರಡರಲ್ಲೂ ಕಾಲಿಡಬಹುದು. ಅವು ದೂರ ಸರಿಯತೊಡಗಿದಾಗ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ. ಎಮಿರೇಟ್ಸ್ ಆರಿಸುವ ಬದಲು ಮೂರನೆಯ ದೋಣಿಯನ್ನು, ಅಂದರೆ ಹಳೆಯ ಗೆಳೆಯ ಫ್ರಾನ್ಸನ್ನು, ಕರೆಯಿತು. ಎಫ್-35ರಷ್ಟು ಅದೃಶ್ಯವಲ್ಲದಿದ್ದರೂ ಬೀಜಿಂಗಿನ ಜೊತೆ ಮಾತು ಬಿಡು ಎನ್ನದ ವಿಮಾನ ರಫೇಲ್.

2022ರ ಫೆಬ್ರುವರಿಯಲ್ಲಿ ಎಮಿರೇಟ್ಸ್ ಚೀನಾದಿಂದ 12 ಎಲ್-15 ತರಬೇತಿ ವಿಮಾನಗಳನ್ನು ಕೊಳ್ಳುವುದಾಗಿ ಹೇಳಿತು. 2023ರ ಆಗಸ್ಟ್‌ನಲ್ಲಿ ಎರಡೂ ದೇಶಗಳ ವಾಯುಪಡೆಗಳು ಚೀನಾದ ಷಿನ್‌ಜಿಯಾಂಗ್‌ನಲ್ಲಿ ಮೊದಲ ಬಾರಿಗೆ ಜಂಟಿ ಸಮರಾಭ್ಯಾಸ ನಡೆಸಿದವು.

ಮುಸಫ್ಫಾದ ಬೆಂಕಿ

ಈ ಆಟದಲ್ಲಿ ಪಣಕ್ಕಿರುವುದು ದೊರೆಗಳ ಪ್ರತಿಷ್ಠೆ ಮಾತ್ರವಲ್ಲ. ರಫೇಲ್ ಒಪ್ಪಂದವಾಗಿ ಆರು ವಾರ ಕಳೆದಿತ್ತು. 2022ರ ಜನವರಿ 17ರಂದು ಯೆಮನಿನ ಹೂಥಿ ಬಂಡುಕೋರರು ಕ್ಷಿಪಣಿ ಮತ್ತು ಡ್ರೋನ್‌ಗಳಿಂದ ಅಬುಧಾಬಿಯ ಮೇಲೆ ದಾಳಿ ಮಾಡಿದರು. ಮುಸಫ್ಫಾ ಕೈಗಾರಿಕಾ ಪ್ರದೇಶದಲ್ಲಿ ಇಂಧನದ ಟ್ಯಾಂಕರುಗಳು ಸ್ಫೋಟಿಸಿದವು. ಸತ್ತವರು ಮೂವರು: ಇಬ್ಬರು ಭಾರತೀಯರು, ಒಬ್ಬ ಪಾಕಿಸ್ತಾನಿ. ಮೂವರೂ ಹೊಟ್ಟೆಪಾಡಿಗಾಗಿ ಹೋದವರು. ಆ ದೇಶದ ಜನಸಂಖ್ಯೆಯಲ್ಲಿ ಅಲ್ಲಿನ ಪ್ರಜೆಗಳು ಹತ್ತರಲ್ಲಿ ಒಂದು ಪಾಲು ಮಾತ್ರ. ಭಾರತೀಯರೇ 35 ಲಕ್ಷಕ್ಕೂ ಹೆಚ್ಚು. ಆ ಆಕಾಶದಿಂದ ಏನೇ ಬಿದ್ದರೂ ಅದು ಮೊದಲು ನಮ್ಮಂಥವರ ತಲೆಯ ಮೇಲೆ ಬೀಳುವ ಸಂಭವ ಹೆಚ್ಚು.

ಎಮಿರೇಟ್ಸಿನ ಬಳಿ ಆಗಲೇ ನೂರಕ್ಕೂ ಹೆಚ್ಚು ಒಳ್ಳೆಯ ಯುದ್ಧವಿಮಾನಗಳಿದ್ದವು. ಆದರೆ ಅಗ್ಗದ ಡ್ರೋನನ್ನು ತಡೆಯಲು ದುಬಾರಿ ಯುದ್ಧವಿಮಾನ ಸದಾ ಒದಗುವುದಿಲ್ಲ. ಅಂದು ಕ್ಷಿಪಣಿಯನ್ನು ಆಕಾಶದಲ್ಲೇ ಹೊಡೆದದ್ದು ಅಮೆರಿಕದಿಂದ ಕೊಂಡ ಥಾಡ್ ವ್ಯವಸ್ಥೆ. ಯುದ್ಧದಲ್ಲಿ ಅದರ ಮೊದಲ ಬಳಕೆ ಅದು. ಒಂದು ವಾರದ ನಂತರ ಮತ್ತೆ ದಾಳಿಯಾದಾಗ ಅಲ್ ದಫ್ರಾ ವಾಯುನೆಲೆಯಲ್ಲಿದ್ದ ಅಮೆರಿಕದ ಸೈನಿಕರು ಪೇಟ್ರಿಯಟ್ ಕ್ಷಿಪಣಿ ಹಾರಿಸಿದರು. ಫೆಬ್ರುವರಿಯಲ್ಲಿ ಅಮೆರಿಕ ತನ್ನ ಎಫ್-22 ವಿಮಾನಗಳನ್ನು ಕಳಿಸಿತು. ಆಕಾಶ ಕಾಯಲು ತನ್ನ ರಫೇಲ್‌ಗಳ ನೆರವು ನೀಡುವುದಾಗಿ ಫ್ರಾನ್ಸ್ ಹೇಳಿತು.

ಇಬ್ಬರು ಗೆಳೆಯರಿದ್ದದ್ದು ಒಳ್ಳೆಯದಾಯಿತು ಎಂದು ಇದರಿಂದ ಹೇಳಬಹುದು. ಆದರೂ ಅಮೆರಿಕ ಬಂದದ್ದು ತಡವಾಯಿತು, ಬಂದದ್ದು ಸಾಲದು ಎಂಬ ಅಸಮಾಧಾನ ಅಬುಧಾಬಿಯಲ್ಲಿ ಉಳಿಯಿತು. ಅದೇ ಫೆಬ್ರುವರಿ 25ರಂದು, ಯುಕ್ರೇನ್ ಮೇಲೆ ರಷ್ಯಾ ನಡೆಸಿದ ದಾಳಿಯ ವಿರುದ್ಧ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ನಿರ್ಣಯ ಬಂದಾಗ ಮೂರು ದೇಶಗಳು ಮತ ಚಲಾಯಿಸದೆ ತಟಸ್ಥವಾಗಿ ಉಳಿದವು: ಚೀನಾ, ಭಾರತ ಮತ್ತು ಸಂಯುಕ್ತ ಅರಬ್ ಎಮಿರೇಟ್ಸ್.

ಮೂವರು ಗೆಳೆಯರಿದ್ದರೂ

ನೆರೆಯ ಕತಾರ್ ಇದೇ ದಾರಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2015ರಲ್ಲಿ 24 ರಫೇಲ್ ಕೊಂಡಿತು. 2017ರ ಜೂನ್‌ನಲ್ಲಿ ಸೌದಿ ಅರೇಬಿಯಾ, ಎಮಿರೇಟ್ಸ್ ಮತ್ತಿತರ ನೆರೆಯವರು ಅದಕ್ಕೆ ದಿಗ್ಬಂಧನ ಹಾಕಿದಾಗ, ಹತ್ತೇ ದಿನದೊಳಗೆ ಅಮೆರಿಕದ 36 ಎಫ್-15 ವಿಮಾನಗಳಿಗೆ 1,200 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬ್ರಿಟನ್ನಿನಿಂದ 24 ಟೈಫೂನ್, ಫ್ರಾನ್ಸಿನಿಂದ ಮತ್ತೆ 12 ರಫೇಲ್. ಮೂರು ದೊಡ್ಡ ದೇಶಗಳಿಂದ ಮೂರು ಬಗೆಯ ವಿಮಾನ. ಕೆಲವೇ ಲಕ್ಷ ಪ್ರಜೆಗಳಿರುವ ದೇಶಕ್ಕೆ ಇವನ್ನು ಹಾರಿಸುವ ಪೈಲಟ್‌ಗಳನ್ನು ಹೊಂದಿಸುವುದೇ ಕಷ್ಟ. ಆದರೆ ಮೂವರೂ ಗೆಳೆಯರು ತನ್ನ ಬೆನ್ನಿಗಿದ್ದಾರೆ ಎಂಬ ಧೈರ್ಯ ಅದಕ್ಕೆ ಬೇಕಿತ್ತು.

2025ರಲ್ಲಿ ಆ ಧೈರ್ಯದ ಪರೀಕ್ಷೆಯಾಯಿತು. ಜೂನ್ 23ರಂದು ಇರಾನ್, ಕತಾರಿನಲ್ಲಿರುವ ಅಮೆರಿಕದ ಅಲ್ ಉದೈದ್ ನೆಲೆಯ ಮೇಲೆ ಕ್ಷಿಪಣಿ ಹಾರಿಸಿತು. ಸೆಪ್ಟೆಂಬರ್ 9ರಂದು ಇಸ್ರೇಲ್, ಹಮಾಸ್ ನಾಯಕರನ್ನು ಗುರಿಯಾಗಿಸಿ ದೋಹಾ ನಗರದ ಮೇಲೆಯೇ ವೈಮಾನಿಕ ದಾಳಿ ಮಾಡಿತು. ಮೂರು ಬಗೆಯ ವಿಮಾನಗಳೂ ಅದನ್ನು ತಡೆಯಲಿಲ್ಲ. ದಾಳಿ ಮಾಡಿದ್ದು ಅಮೆರಿಕದ ಆಪ್ತ, ದಾಳಿಯಾದದ್ದೂ ಅಮೆರಿಕದ ಆಪ್ತನ ಮೇಲೆ. ಕೆಲವೇ ವಾರಗಳಲ್ಲಿ ಅಧ್ಯಕ್ಷ ಟ್ರಂಪ್ ಕತಾರಿನ ರಕ್ಷಣೆಗೆ ಭರವಸೆ ನೀಡುವ ಆದೇಶ ಹೊರಡಿಸಿದರು. ವಿಮಾನಗಳಿಂದ ಸಿಗದ ಭರವಸೆಯನ್ನು ಕಾಗದದ ಮೇಲೆ ಕೇಳಿ ಪಡೆಯಬೇಕಾಯಿತು. ಆ ವರ್ಷದ ನವೆಂಬರ್‌ನಲ್ಲಿ ಅದೇ ಟ್ರಂಪ್, ಎಮಿರೇಟ್ಸಿಗೆ ದಕ್ಕದ ಎಫ್-35 ವಿಮಾನವನ್ನು ಸೌದಿ ಅರೇಬಿಯಾಕ್ಕೆ ಮಾರುವುದಾಗಿ ಸಾರಿದರು. ಮಾರುವವರ ಮನಸ್ಸು ಸರ್ಕಾರದಿಂದ ಸರ್ಕಾರಕ್ಕೆ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಇದೂ ಒಂದು ನಿದರ್ಶನ.

ನಮಗೇನು?

ಎಮಿರೇಟ್ಸ್ ಮಾಡಿದ್ದು ಸರಿಯೋ ತಪ್ಪೋ ಎಂದು ತೀರ್ಪು ಕೊಡುವುದು ಸುಲಭವಲ್ಲ. 1892ರಲ್ಲಿ ಒಬ್ಬರಿಗೇ ಮಾತು ಕೊಟ್ಟು ಅದರ ಫಲವನ್ನು 1971ರಲ್ಲಿ ಕಂಡವರು, ಮತ್ತೆ ಅಂಥದ್ದೇ ಷರತ್ತಿನ ಕಾಗದ ಮುಂದೆ ಬಂದಾಗ ಪೆನ್ನು ಕೆಳಗಿಟ್ಟದ್ದು ನನಗಂತೂ ಸಹಜವೆನಿಸುತ್ತದೆ. ಅಮೆರಿಕ ಎಫ್-35ರ ಜೊತೆ ಕೇಳಿದ್ದೂ ಹೆಚ್ಚುಕಡಿಮೆ ಬ್ರಿಟಿಷರು ಅಂದು ಕೇಳಿದ್ದೇ: ನಮ್ಮ ಹೊರತು ಬೇರೆ ದೊಡ್ಡವರ ಜೊತೆ ಹೋಗಬೇಡಿ. ಅಂದಿನ ಶೇಖರು ಬಡವರು, ಒಪ್ಪಿದರು. ಇಂದಿನವರು ಶ್ರೀಮಂತರು, ಬೇಡವೆನ್ನಬಲ್ಲರು. ಹಣ ಅವರಿಗೆ ಕೊಟ್ಟದ್ದು ಈ 'ಬೇಡ' ಎನ್ನುವ ಶಕ್ತಿಯನ್ನು. ಸ್ವಂತವಾಗಿ ನಿಲ್ಲುವ ಶಕ್ತಿಯನ್ನು ಅದು ಇನ್ನೂ ಕೊಟ್ಟಿಲ್ಲ. ರಫೇಲ್‌ನ ಬಿಡಿಭಾಗಕ್ಕೆ ಪ್ಯಾರಿಸನ್ನೇ ನೋಡಬೇಕು, ಥಾಡ್ ಕ್ಷಿಪಣಿಗೆ ವಾಷಿಂಗ್ಟನ್ನನ್ನೇ ನೋಡಬೇಕು.

ನಮ್ಮ ದೇಶವೂ ಬಹುಕಾಲದಿಂದ ಇಂಥದ್ದೇ ದಾರಿಯಲ್ಲಿದೆ. ರಷ್ಯಾದ ಸುಖೋಯ್, ಫ್ರಾನ್ಸಿನ ರಫೇಲ್ ಎರಡೂ ನಮ್ಮ ವಾಯುಪಡೆಯಲ್ಲಿವೆ. 2020ರ ಜುಲೈನಲ್ಲಿ ನಮ್ಮ ಮೊದಲ ಐದು ರಫೇಲ್‌ಗಳು ಫ್ರಾನ್ಸಿನಿಂದ ಅಂಬಾಲಕ್ಕೆ ಬರುವಾಗ ನಡುವೆ ತಂಗಿದ್ದು ಅದೇ ಅಲ್ ದಫ್ರಾ ನೆಲೆಯಲ್ಲಿ. ನಮಗೂ ಅವರಿಗೂ ಇರುವ ವ್ಯತ್ಯಾಸವೆಂದರೆ, ನಮ್ಮಲ್ಲಿ ಒಂದು ಬೆಂಗಳೂರು ಇದೆ. ಅದೂ ಪೂರ್ತಿ ಸ್ವತಂತ್ರವಲ್ಲ. 2021ರ ಫೆಬ್ರುವರಿಯಲ್ಲಿ 83 ಹೊಸ ತೇಜಸ್‌ಗಳಿಗೆ ಎಚ್ಎಎಲ್ ಜೊತೆ ಒಪ್ಪಂದವಾಯಿತು. ವಿಮಾನ ನಮ್ಮದು, ಎಂಜಿನ್ ಅಮೆರಿಕದ್ದು. ಆ ಎಂಜಿನ್‌ಗಳಲ್ಲಿ ಮೊದಲನೆಯದು ಬಂದದ್ದು 2025ರ ಮಾರ್ಚ್‌ನಲ್ಲಿ. ಅದುವರೆಗೆ ವಿಮಾನದ ಒಡಲು ಸಿದ್ಧವಿದ್ದರೂ ಕಾಯುವುದು ತಪ್ಪಲಿಲ್ಲ.

ಇನ್ನು ಮುಂದೆ ಪತ್ರಿಕೆಯಲ್ಲಿ ಇಂಥ ದೇಶ ಇಷ್ಟು ಕೋಟಿಗೆ ಇಷ್ಟು ಯುದ್ಧವಿಮಾನ ಕೊಂಡಿತು ಎಂಬ ಸುದ್ದಿ ಓದಿದಾಗ, ಅದರ ವೇಗ ಎಷ್ಟು, ಬೆಲೆ ಎಷ್ಟು ಎಂದು ನೋಡಿ ಪುಟ ತಿರುವಬೇಡಿ. ಬಿಡಿಭಾಗ ಯಾರ ಕೈಯಲ್ಲಿದೆ, ಗಣಕದ ಗುಟ್ಟು ಯಾರ ಬಳಿ ಇದೆ, ಮಾರಿದವರು ಮುನಿದರೆ ಎಷ್ಟು ದಿನ ಹಾರಬಹುದು ಎಂದು ಕೇಳಿ. ಈ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ, ಆ ದೇಶ ಎಷ್ಟು ಸ್ವತಂತ್ರವಾಗಿದೆ ಎಂಬುದಕ್ಕೂ ಉತ್ತರ ಸಿಕ್ಕಂತೆ.